ಮತ್ತೆ ನಿಮ್ಮ ನೆಟ್ಟಾ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ತವರು ಮಧುಗಿರಿ ಕಡೆ, ಕೊಟ್ಟಿರುವುದು ಗಡಿಯಾಚೆ ಆಂಧ್ರದ ಪರಿಗಿ ಮಂಡಲದ ಒಂದು ಹಳ್ಳಿಗೆ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಒಂಬತ್ತರವರೆಗೆ. 50 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ, ತಿಂಗಳ ದುಡ್ಡು ಒಂದು ದಿನವೂ ತಡ ಮಾಡಿಲ್ಲ. ಹಗಲು ಪರವಾಗಿಲ್ಲ. ಸಂಜೆ ಏಳಾಯಿತೆಂದರೆ ಫೋನಿನಲ್ಲಿ ಎರಡೋ ಮೂರೋ ತೋರಿಸುತ್ತದೆ, ಮೀಟಿಂಗಿನಲ್ಲಿ ನನ್ನ ಮುಖ ಹಾಗೇ ನಿಂತುಬಿಡುತ್ತದೆ. ಹೋದ ವಾರ ಮ್ಯಾನೇಜರ್ ಎಲ್ಲರೆದುರು 'ಮತ್ತೆ ನಿಮ್ಮ ನೆಟ್ಟಾ?' ಅಂದರು. ಎಲ್ಲರೂ ನಕ್ಕರು. ಅವತ್ತು ಯೂಟ್ಯೂಬ್ ನೋಡುತ್ತಿದ್ದ ಆರು ವರ್ಷದ ಮಗಳಿಗೆ ಹೊಡೆದುಬಿಟ್ಟೆ. ಕೇಬಲ್ ನೋಡಿಕೊಳ್ಳುವ ಹುಡುಗ ನಮ್ಮ ಯಜಮಾನರ ಚಿಕ್ಕಪ್ಪನ ಮಗ. ಕೇಳಿದರೆ 'ಅತ್ತಿಗೆ, ಮೇಲಿಂದಲೇ ಪ್ರಾಬ್ಲಮ್ಮು' ಅನ್ನುತ್ತಾನೆ. ಮೇಲೆ ಅಂದರೆ ಎಲ್ಲಿ ಅಂತ ಅವನಿಗೂ ಗೊತ್ತಿಲ್ಲ. ಕಂಪ್ಲೇಂಟ್ ನಂಬರಿಗೆ ಮಾಡಿದರೆ ತೆಲುಗು. ನನಗೆ ತೆಲುಗು ಮಾತಾಡಲು ಬರುತ್ತದೆ, ಜಗಳ ಆಡಲು ಬರುವುದಿಲ್ಲ. ಯಜಮಾನರು 'ಕೆಲಸ ಬಿಡು, ಇಲ್ಲ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿರು' ಅನ್ನುತ್ತಾರೆ. ದುಡ್ಡು ತೆಗೆದುಕೊಂಡ ಮೇಲೆ ಇಷ್ಟಾದರೂ ಕೊಡಲೇಬೇಕು ಅಂತ ಕಂಪನಿಗಳಿಗೆ ಕಾನೂನು ಇಲ್ಲವೇ? ಹಳ್ಳಿಯಲ್ಲಿದ್ದುಕೊಂಡು ಇದನ್ನೆಲ್ಲ ಕೇಳುವುದು ನನ್ನ ದುರಾಸೆಯೇ?
(ಹೆಸರು ಬೇಡ, ಪರಿಗಿ ಮಂಡಲ)

ಉತ್ತರ: ನಿಮ್ಮ ಪತ್ರದಲ್ಲಿ ವೇಗದ ಲೆಕ್ಕ ಎರಡೇ ಸಾಲು. ಉಳಿದದ್ದೆಲ್ಲ ಅವಮಾನ, ಕೋಪ, ಆಮೇಲೆ ಕೋಪ ಬಂದಿದ್ದಕ್ಕೆ ಸಂಕಟ. ಆದ್ದರಿಂದ ಎಂಬಿಪಿಎಸ್ ಆಮೇಲೆ ನೋಡೋಣ, ಮೊದಲು ಆ ನಗುವಿನ ವಿಷಯ.

ಒಬ್ಬರು ಮಾತಾಡುವಾಗ ಮುಖ ನಿಂತುಹೋದರೆ, ದನಿ ತುಂಡಾದರೆ, ಕೇಳುತ್ತಿರುವವರಿಗೆ ಕಂಬದ ಮೇಲಿನ ತಂತಿ ಕಾಣುವುದಿಲ್ಲ. ಅವರಿಗೆ ಕಾಣುವುದು ನೀವು ಮಾತ್ರ. ಈ ಬಗ್ಗೆ ಜರ್ಮನಿಯ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಮಾತುಕತೆಯ ನಡುವೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ವಿಳಂಬ ಸೇರಿಸಿ ನೋಡಿದಾಗ, ಆ ಬದಿಯವರು ಗಮನ ಕೊಡುತ್ತಿಲ್ಲ, ಅಷ್ಟೇನೂ ಸ್ನೇಹದವರಲ್ಲ ಎಂದು ಜನರಿಗೆ ಅನಿಸಿತು. ದೋಷ ಲೈನಿನದು, ಹೆಸರು ಕೆಟ್ಟಿದ್ದು ಮನುಷ್ಯರದು. ನಿಮ್ಮ ಸಹೋದ್ಯೋಗಿಗಳು ಕೆಟ್ಟವರಾಗಿ ನಗಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ನಿಮಗೆ ಚುಚ್ಚಿದ್ದು ಸುಳ್ಳಲ್ಲ. ಕೆಲಸ ಚೆನ್ನಾಗಿ ಗೊತ್ತಿರುವವರಿಗೆ, ಗೊತ್ತಿಲ್ಲದವರಂತೆ ಕಾಣಿಸಿಕೊಳ್ಳಬೇಕಾದ ಸ್ಥಿತಿ ಬಂದರೆ ನೋವು ಹೆಚ್ಚೇ ಆಗುತ್ತದೆ. ಅದನ್ನು 'ಇಷ್ಟಕ್ಕೆಲ್ಲ ಅಳಬೇಕಾ' ಎಂದು ತಳ್ಳಿಹಾಕಿಕೊಳ್ಳಬೇಡಿ.

ಮಗಳಿಗೆ ಹೊಡೆದ ವಿಷಯ ನೀವೇ ಬರೆದಿದ್ದೀರಿ, ಮುಚ್ಚಿಡಬಹುದಿತ್ತು. ಅಷ್ಟು ಪ್ರಾಮಾಣಿಕತೆ ಇರುವ ನಿಮಗೆ ಇದನ್ನು ನೇರವಾಗಿಯೇ ಹೇಳಬಹುದು: ಹೊಡೆಯಬಾರದಿತ್ತು. ಅವಳು ನೋಡುತ್ತಿದ್ದ ಸಣ್ಣ ವಿಡಿಯೋ ಒಂದು 50 ಎಂಬಿಪಿಎಸ್ ಲೈನನ್ನು ನುಂಗುವಂಥದ್ದಲ್ಲ. 'ಅಮ್ಮ ಅವತ್ತು ಹೊಡೆದದ್ದು ತಪ್ಪು, ನೆಟ್ ಕೆಟ್ಟಿದ್ದು ನಿನ್ನಿಂದ ಅಲ್ಲ' ಎಂದು ಅವಳಿಗೆ ಹೇಳಿ. ಆರು ವರ್ಷದ ಮಕ್ಕಳು ಇಂಥದ್ದನ್ನು ಮರೆತಂತೆ ಕಾಣುತ್ತಾರೆ, ಆದರೆ ಮನೆಯಲ್ಲಿ ಏನು ಕೆಟ್ಟರೂ ತನ್ನಿಂದಲೇ ಎಂದು ಒಳಗೊಳಗೇ ಲೆಕ್ಕ ಹಾಕಿಕೊಳ್ಳುವ ವಯಸ್ಸು ಅದು.

ಇನ್ನು ದುರಾಸೆಯ ಪ್ರಶ್ನೆ. ಖಂಡಿತ ಅಲ್ಲ. ಪೂರ್ತಿ ದುಡ್ಡು ಕೊಟ್ಟವರು ಏನು ಸಿಗುತ್ತದೆ ಎಂದು ಕೇಳುವುದು ವ್ಯಾಪಾರದ ಮೊದಲ ಮಾತು. ಹಳ್ಳಿಯವರು ಎಂಬುದಕ್ಕೆ ಕಂಪನಿ ಬಿಲ್ಲಿನಲ್ಲಿ ರಿಯಾಯಿತಿಯನ್ನೇನೂ ಕೊಟ್ಟಿಲ್ಲವಲ್ಲ.

ಕಾನೂನು ಇದೆಯೇ ಎಂದರೆ, ಇದೆ, ಆದರೆ ನಿಮ್ಮ ಸಂಜೆ ಏಳು ಗಂಟೆ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ನಮ್ಮ ದೇಶದಲ್ಲಿ ಯಾವುದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂಬುದಕ್ಕೆ 2004ರ ನೀತಿಯಲ್ಲಿ 256 ಕೆಬಿಪಿಎಸ್ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಅಂದರೆ ಸಂಜೆ ನಿಮಗೆ ಸಿಗುವ ಎರಡು ಮೂರು ಕೂಡ ಕಾಗದದ ಮೇಲೆ ಬ್ರಾಡ್‌ಬ್ಯಾಂಡೇ! 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಪ್ರತಿ ನಾಗರಿಕರಿಗೂ 50 ಎಂಬಿಪಿಎಸ್ ಎಂದು ಗುರಿ ಇಟ್ಟಿತ್ತು, ಆದರೆ ಗುರಿಯನ್ನು ಹಿಡಿದು ಯಾರನ್ನೂ ಕೇಳಲು ಬರುವುದಿಲ್ಲ.

ಇದಲ್ಲದೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಮಾಡಿದ ಗುಣಮಟ್ಟದ ನಿಯಮಗಳಿವೆ. 2006ರ ನಿಯಮದಲ್ಲಿ, ಕಂಪನಿಯ ಕೇಂದ್ರದಿಂದ ಗ್ರಾಹಕರವರೆಗಿನ ವೇಗ ಪ್ಲಾನಿನಲ್ಲಿ ಹೇಳಿದ್ದರ ಶೇ 80ಕ್ಕಿಂತ ಹೆಚ್ಚಿರಬೇಕು ಎಂದಿತ್ತು. ಲೈನು ಪೂರ್ತಿ ಸತ್ತು ಮೂರು ದಿನ ಮೀರಿದರೆ ಬಿಲ್ಲಿನಲ್ಲಿ ಕಡಿತದ ಏರ್ಪಾಡೂ ಇತ್ತು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ತೊಡಕು ಎಲ್ಲಿ ಎಂದರೆ, ಇಂಥ ಗುಣಮಟ್ಟವನ್ನು ಅಳೆಯುವುದು ಇಡೀ ಸೇವಾ ವಲಯದ ಸರಾಸರಿಯಲ್ಲಿ. ಟೆಲಿಕಾಂ ಲೆಕ್ಕದಲ್ಲಿ ಆಂಧ್ರ, ತೆಲಂಗಾಣ ಇವತ್ತಿಗೂ ಒಂದೇ ವಲಯ. ಹೈದರಾಬಾದಿನ ಅಪಾರ್ಟ್‌ಮೆಂಟಿನ ನೆಟ್ಟು, ಪರಿಗಿಯ ಹಳ್ಳಿಮನೆಯ ನೆಟ್ಟು ಎರಡನ್ನೂ ಕೂಡಿ ಭಾಗಿಸಿದರೆ ವರದಿ ಚೆಂದವೇ ಬರುತ್ತದೆ. ಲೈನು ಸತ್ತರೆ ನಿಯಮಕ್ಕೆ ಗೊತ್ತಾಗುತ್ತದೆ, ದಿನಾ ಸಂಜೆ ಎರಡು ಗಂಟೆ ಅರೆಜೀವವಾಗಿ ಬಿದ್ದಿದ್ದರೆ ಗೊತ್ತಾಗುವುದಿಲ್ಲ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ. ಬ್ರಿಟನ್ನಿನಲ್ಲಿ 2019ರ ಮಾರ್ಚಿನಿಂದ ಒಂದು ಸಂಹಿತೆ ಇದೆ. ಅದಕ್ಕೆ ಒಪ್ಪಿ ಸಹಿ ಹಾಕಿದ ಕಂಪನಿಗಳು, ಸಂಪರ್ಕ ಮಾರುವಾಗಲೇ 'ನಿಮ್ಮ ಮನೆಗೆ ಕನಿಷ್ಠ ಇಷ್ಟು' ಎಂದು ಹೇಳಬೇಕು. ವೇಗ ಅದಕ್ಕಿಂತ ಇಳಿದು 30 ದಿನದೊಳಗೆ ಸರಿಯಾಗದಿದ್ದರೆ ಗ್ರಾಹಕರು ದಂಡ ಕಟ್ಟದೆ ಬಿಟ್ಟುಹೋಗಬಹುದು. ಜರ್ಮನಿಯಲ್ಲಿ 2021ರ ಡಿಸೆಂಬರಿನಿಂದ ಕಾನೂನೇ ಇದೆ. ಸರ್ಕಾರಿ ತಂತ್ರಾಂಶದಲ್ಲಿ ಅಳೆದು ಕೊರತೆ ತೋರಿಸಿದರೆ ಆ ಪ್ರಮಾಣಕ್ಕೆ ಬಿಲ್ಲು ಇಳಿಸಬೇಕು.

ನನ್ನನ್ನು ಕೇಳಿದರೆ ನಮಗೂ ಅಂಥದ್ದು ಬೇಕು. '50ರವರೆಗೆ' ಎಂದು ಮೇಲ್ಮಿತಿ ಮಾತ್ರ ಹೇಳಿ ಮಾರುವುದು ನ್ಯಾಯವಲ್ಲ, ಕೆಳಮಿತಿಯನ್ನೂ ಬರೆದುಕೊಡಬೇಕು. ಅದರಲ್ಲಿ ಸಂಜೆಯ ವೇಗ ಇರಬೇಕು, ನಿಮ್ಮ ಕಡೆಯಿಂದ ಹೋಗುವ ಅಪ್‌ಲೋಡ್ ವೇಗವೂ ಇರಬೇಕು. ನಿಮ್ಮ ಮುಖ ನಿಂತುಹೋಗುವುದು ಹೆಚ್ಚಾಗಿ ಅದರಿಂದಲೇ. ಗುಂಪಿನ ವಿಡಿಯೋ ಕರೆಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು, ಆದರೆ ಅದು ತಡೆಯಿಲ್ಲದೆ ಬರಬೇಕು, ತಡೆಯಿಲ್ಲದೆ ಹೋಗಬೇಕು. ನಿಮಗೆ ಬೇಕಾಗಿರುವುದು 50 ಅಲ್ಲ, ಏಳು ಗಂಟೆಗೂ ಅಲುಗಾಡದ ಒಂದು ಹತ್ತು.

'ಮೇಲಿಂದಲೇ' ಎಂದರೆ ಎಲ್ಲಿ ಎಂದು ನೀವು ಕೇಳಿದ್ದೀರಿ. ನಿಮ್ಮ ಮೈದುನ ಸುಳ್ಳು ಹೇಳುತ್ತಿರಲಾರ. ಫೈಬರ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಸೀಳಿ ಕೊಡುತ್ತಾರೆ. ಆ ಎಳೆಯಲ್ಲಿ ಹರಿಯಬಲ್ಲದ್ದು ಸುಮಾರು 2,500 ಎಂಬಿಪಿಎಸ್. ಅಷ್ಟೂ ಮನೆಗಳು ಒಟ್ಟಿಗೆ ಬಳಸುವುದಿಲ್ಲ ಎಂಬ ಧೈರ್ಯದ ಮೇಲೆ ಇಡೀ ವ್ಯವಹಾರ ನಿಂತಿದೆ. ಅದು ತಪ್ಪೇನಲ್ಲ. ಆದರೆ ಊರಿಗೆ ಹೊರಗಿನಿಂದ ಬರುವ ಮುಖ್ಯ ಲೈನನ್ನೇ ಸಣ್ಣದಾಗಿ ಕೊಂಡು, ಸಂಪರ್ಕಗಳನ್ನು ಮಾತ್ರ ಏರಿಸುತ್ತ ಹೋದರೆ, ಏಳು ಗಂಟೆಗೆ ಎಲ್ಲರೂ ಟಿವಿ ಮುಂದೆ ಕೂತಾಗ ಕಟ್ಟಿಕೊಳ್ಳುತ್ತದೆ. ಕೆರೆ ನೀರಿನ ಕಥೆ ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ತೂಬಿನ ಹತ್ತಿರದ ಗದ್ದೆಗೆ ನೀರು ತಾನಾಗಿ ಬರುತ್ತದೆ, ಕಾಲುವೆಯ ಕೊನೇ ಗದ್ದೆಗೆ ಬರಬೇಕಾದರೆ ನೀರುಗಂಟಿ ಇರಬೇಕು, ಪಾಳಿ ಇರಬೇಕು. ಕನಿಷ್ಠ ವೇಗದ ಖಾತ್ರಿ ಎಂದರೆ ಆ ಪಾಳಿಯನ್ನು ಬರೆದಿಡುವುದು, ಅಷ್ಟೇ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ನಿಮಗೆ ಅನ್ಯಾಯ ಮಾಡಿದಂತೆ. ನಿಮ್ಮ ರಾಜ್ಯದಲ್ಲೇ 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಎಪಿ ಫೈಬರ್ ಯೋಜನೆಯನ್ನು ಲೋಕಾರ್ಪಣೆ ಮಾಡಿದರು. ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್, ಟಿವಿ, ಫೋನ್ ಮೂರೂ ಎಂಬುದು ಅದರ ಆರಂಭದ ಪ್ಲಾನು. ಕಾಲುವೆ ತೋಡಿ ಕೇಬಲ್ ಹೂಳುವ ಬದಲು ವಿದ್ಯುತ್ ಕಂಬಗಳ ಮೇಲೇ ಎಳೆದರು, ಊರಿನ ಕೇಬಲ್‌ನವರ ಮೂಲಕ ಮನೆಗೆ ಮುಟ್ಟಿಸಿದರು. ಅಗ್ಗ, ಬೇಗ. ಬೇರೆ ಕಂಪನಿಗಳೂ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಹೀಗೇ ಬಂದಿವೆ. ಇಷ್ಟು ಕಡಿಮೆ ದರಕ್ಕೆ ಗಟ್ಟಿ ಖಾತ್ರಿ ಕೊಡು ಎಂದರೆ, ಕಂಪನಿ ಲಾಭವಿಲ್ಲದ ಹಳ್ಳಿಗೆ ಬರುವುದನ್ನೇ ಬಿಡಬಹುದು, ಇಲ್ಲವೇ 'ಕನಿಷ್ಠ 2' ಎಂದು ಬರೆದು ಕೈತೊಳೆದುಕೊಳ್ಳಬಹುದು. ಹಾಗಾಗಿ ಖಾತ್ರಿಯ ಹಿಂದೆ ಸರ್ಕಾರದ ದುಡ್ಡೂ ನಿಲ್ಲಬೇಕು ಎಂದು ನನಗೆ ಅನಿಸುತ್ತದೆ. ಹಳ್ಳಿಗಳ ಸಂಪರ್ಕಕ್ಕೆಂದೇ ಟೆಲಿಕಾಂ ಕಂಪನಿಗಳ ಆದಾಯದಿಂದ ಶೇ 5ರಷ್ಟು ಪಾಲು ತೆಗೆಯುವ ನಿಧಿ ಇದೆ, 2023ರ ದೂರಸಂಪರ್ಕ ಕಾಯ್ದೆಯ ನಂತರ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಊರಿಗೆ ತಂತಿ ಎಳೆದುಕೊಟ್ಟರೆ ಅದರ ಕೆಲಸ ಮುಗಿಯಬಾರದು.

ಇದೆಲ್ಲ ಆಗುವವರೆಗೆ ನೀವು ಕಾಯಬೇಕಿಲ್ಲ. ಕಾನೂನು ನಿಧಾನ, ನಿಮ್ಮ ಮೀಟಿಂಗು ನಾಳೆಯೇ ಇದೆ.

ಮೊದಲು ಗೊತ್ತಾಗಬೇಕಾದದ್ದು, ದೋಷ ಮನೆಯೊಳಗೋ ಹೊರಗೋ ಎಂಬುದು. ನೀವು ಅಳೆದದ್ದು ಫೋನಿನಲ್ಲಿ, ಅಂದರೆ ವೈಫೈನಲ್ಲಿ. ಹಳ್ಳಿಮನೆಗಳಲ್ಲಿ ರೂಟರ್ ಡಬ್ಬಿ ಸಾಮಾನ್ಯವಾಗಿ ಹಾಲಿನಲ್ಲಿ ಟಿವಿ ಹಿಂದೆ ಕೂತಿರುತ್ತದೆ, ನೀವು ಕೆಲಸ ಮಾಡುವುದು ಕೋಣೆಯ ಬಾಗಿಲು ಹಾಕಿಕೊಂಡು. ನಡುವೆ ದಪ್ಪ ಕಲ್ಲಿನ ಗೋಡೆ ಇದ್ದರೆ ಅರ್ಧ ವೇಗ ಅಲ್ಲೇ ಹೋಗುತ್ತದೆ. ಒಂದು ಲ್ಯಾನ್ ಕೇಬಲ್ ತರಿಸಿ, ಲ್ಯಾಪ್‌ಟಾಪನ್ನು ನೇರವಾಗಿ ಡಬ್ಬಿಗೆ ಸಿಕ್ಕಿಸಿ ಅಳೆಯಿರಿ. ಒಂದು ವಾರ, ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏಳೂವರೆಗೆ. ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೇಬಲ್‌ನಲ್ಲಿ ಸಂಜೆಯೂ ಚೆನ್ನಾಗಿ ಬಂದರೆ ನಿಮ್ಮ ಅರ್ಧ ಸಂಕಟ ಆ ಕೇಬಲ್‌ನಿಂದಲೇ ಪರಿಹಾರವಾಯಿತು, ಡಬ್ಬಿಯನ್ನು ಕೋಣೆಯ ಹತ್ತಿರಕ್ಕೆ ತನ್ನಿ.

ಕೇಬಲ್‌ನಲ್ಲೂ ಸಂಜೆ ಕುಸಿದರೆ ಆ ಹಾಳೆ ಹಿಡಿದು ಮೈದುನನ ಹತ್ತಿರ ಹೋಗಿ. ಜಗಳಕ್ಕಲ್ಲ. ಊಟಕ್ಕೆ ಬಂದಾಗಲೋ ಹಬ್ಬಕ್ಕೆ ಬಂದಾಗಲೋ ಬೇಡ, ಅವನು ಅಂಗಡಿಯಲ್ಲಿದ್ದಾಗ, ಕೆಲಸದ ಮಾತಾಗಿ ಹೇಳಿ. 'ನೋಡಪ್ಪ, ನಿನ್ನ ಮೇಲೆ ದೂರಲ್ಲ ಇದು. ಮೇಲಿನವರಿಗೆ ತೋರಿಸೋಕೆ ನಿನ್ನ ಹತ್ತಿರವೂ ಏನಾದರೂ ಬೇಕಲ್ಲ' ಎನ್ನಿ. ದಿನಾ ಅವರಿವರ ಬಾಯಲ್ಲಿ ಬೈಸಿಕೊಳ್ಳುವ ಹುಡುಗನಿಗೆ ಇಂಥ ಹಾಳೆ ಅನುಕೂಲವೇ. ನೆಂಟಸ್ತಿಕೆ ಕೆಡುತ್ತದೆಂದು ನೀವು ಬಾಯಿ ಮುಚ್ಚಿಕೊಂಡಿದ್ದೀರಿ, ಆ ಸಿಟ್ಟು ಸುತ್ತಿ ಬಂದು ಮಗುವಿನ ಬೆನ್ನ ಮೇಲೆ ಬಿತ್ತು. ಸಲ್ಲಬೇಕಾದ ಕಡೆ ಸಲ್ಲಿಸಿದ ದೂರು ಯಾರನ್ನೂ ಹೊಡೆಯುವುದಿಲ್ಲ.

ಅಲ್ಲಿಗೂ ಆಗದಿದ್ದರೆ ಕಂಪನಿಯ ದೂರು ಕೇಂದ್ರಕ್ಕೆ ಹೋಗಿ. ಅವರು ಕೊಡುವ ಡಾಕೆಟ್ ನಂಬರನ್ನು ಬರೆದುಕೊಳ್ಳದೆ ಫೋನ್ ಇಡಬೇಡಿ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಎರಡಕ್ಕೂ ಶುಲ್ಕವಿಲ್ಲ. ಜಗಳಕ್ಕೆ ತೆಲುಗು ಸಾಲದು ಎಂದಿರಲ್ಲ, ಬರೆದು ಕಳಿಸುವಾಗ ಆ ಕಷ್ಟವಿಲ್ಲ. ಅಂಕಿಗಳಿಗೆ ಯಾವ ಭಾಷೆಯಾದರೇನು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೊನೆಯದಾಗಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ವೇದಿಕೆಗಳು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಅಲ್ಲಿಯವರೆಗೆ ಹೋಗುವ ಅಗತ್ಯ ನಿಮಗೆ ಬರಲಿಕ್ಕಿಲ್ಲ. ಆದರೆ ದಾರಿ ಇದೆ ಎಂದು ಗೊತ್ತಿದ್ದರೆ ಮನಸ್ಸಿನ ಉಸಿರುಗಟ್ಟುವಿಕೆ ಕಡಿಮೆಯಾಗುತ್ತದೆ.

ಮ್ಯಾನೇಜರ್ ಜೊತೆ ಮಾತಾಡುವುದನ್ನು ಮುಂದೂಡಬೇಡಿ. ಮೀಟಿಂಗಿನ ನಡುವೆ 'ಸಾರಿ ಸಾರಿ' ಎನ್ನುವುದಕ್ಕಿಂತ, ಒಂದು ಹಗಲು ಹೊತ್ತಿನಲ್ಲಿ ನಾಲ್ಕು ಸಾಲು ಬರೆಯಿರಿ. ನನ್ನ ಊರಿನಲ್ಲಿ ಸಂಜೆ ಏಳರಿಂದ ಒಂಬತ್ತು ನೆಟ್ ದುರ್ಬಲ, ದೂರು ಕೊಟ್ಟಿದ್ದೇನೆ, ಇದು ನಂಬರು. ಆ ಹೊತ್ತಿನಲ್ಲಿ ವಿಡಿಯೋ ಆಫ್ ಮಾಡಿ ದನಿಯಲ್ಲಿ ಇರುತ್ತೇನೆ, ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರುತ್ತದೆ, ಸಾಧ್ಯವಾದರೆ ನನ್ನ ಸರದಿಯನ್ನು ಆರೂವರೆಗೆ ಇಡಿ. ಆ ನಗುವಿನ ವಿಷಯ ಕೊನೆಯ ಸಾಲಿನಲ್ಲಿ ಬರಲಿ: ಎಲ್ಲರೆದುರು ಹಾಗೆ ಅಂದಾಗ ನೋವಾಯಿತು. ಅಷ್ಟೇ ಬರೆಯಿರಿ, ವಿವರಣೆ ಬೇಡ. ಹೆಚ್ಚಿನವರು ಇಂಥ ಮಾತಿಗೆ ಕ್ಷಮೆ ಕೇಳುತ್ತಾರೆ.

ಯಜಮಾನರ ಮಾತಿನಲ್ಲಿ ಕಿರಿಕಿರಿ ಇದೆ, ನಿಜ. ಅದರ ಕೆಳಗೆ ನೀವು ದಿನಾ ಅಳುವುದನ್ನು ನೋಡಲಾಗದ ಅಸಹಾಯಕತೆಯೂ ಇರಬಹುದು. ಗಂಡಸರು ಅದನ್ನು 'ಕೆಲಸ ಬಿಡು' ಎಂದು ಅನುವಾದಿಸಿಬಿಡುತ್ತಾರೆ! ಹಿಂದೂಪುರದಿಂದ ಬೆಂಗಳೂರಿಗೆ ರೈಲಿದೆ, ಹೋಗಿ ಬರುವವರು, ಹೋಗಿ ಅಲ್ಲೇ ಇರುವವರು ನಿಮ್ಮ ಸುತ್ತ ಬೇಕಾದಷ್ಟು ಜನ. ಮುಂದೆ ನೀವೂ ಹೋಗಲು ಇಷ್ಟಪಡಬಹುದು, ತಪ್ಪಿಲ್ಲ. ಆದರೆ ಅದು ನಿಮ್ಮ ಬದುಕಿನ ತೀರ್ಮಾನವಾಗಬೇಕು, ಪರದೆಯ ಮೇಲೆ ಸುತ್ತುವ ಚಕ್ರದ ತೀರ್ಮಾನ ಅಲ್ಲ. ದೂರು ಒಂದು ದಡ ಸೇರುವವರೆಗೆ ಈ ಮಾತು ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಿ. ಅಷ್ಟರವರೆಗೆ ಸಂಜೆಯ ಆ ಎರಡು ಗಂಟೆ ಮಗಳನ್ನು ಅವರು ನೋಡಿಕೊಳ್ಳಲಿ. ಇದನ್ನು ಸಹಾಯವಾಗಿ ಕೇಳಬೇಡಿ, ಅವರ ಪಾಲಿನ ಕೆಲಸವಾಗಿ ಹೇಳಿ.

ನಿದ್ದೆ ಬರುತ್ತಿಲ್ಲ, ಮೀಟಿಂಗ್ ಹತ್ತಿರವಾದರೆ ಎದೆ ಬಡಿದುಕೊಳ್ಳುತ್ತದೆ, ಮಗಳ ಮೇಲೆ ಕೈ ಮತ್ತೆ ಏಳುತ್ತಿದೆ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ನೆಟ್ ಬೇಕಾಗಿಲ್ಲ, ಮಾಮೂಲಿ ಕರೆ ಸಾಕು.

ಒಂದು ಕೆಲಸ ಉಳಿಯಿತು. ನಿಮ್ಮ ಬೀದಿಯಲ್ಲಿ ಸಂಜೆ ಇದೇ ಪಾಡು ಪಡುವ ಮನೆಗಳು ಇದ್ದೇ ಇರುತ್ತವೆ. ಪರೀಕ್ಷೆಗೆ ಓದುವ ಹುಡುಗ, ನಿಮ್ಮಂತೆಯೇ ಮನೆಯಿಂದ ಕೆಲಸ ಮಾಡುವವರು, ವಿದೇಶದ ಮಗನಿಗೆ ವಿಡಿಯೋ ಕರೆ ಮಾಡುವ ಅಜ್ಜಿ. ಅಂಥ ನಾಲ್ಕೈದು ಮನೆಯವರಿಗೆ ಅಳೆಯುವುದು ಹೇಗೆಂದು ತೋರಿಸಿ, ಒಂದೇ ವಾರದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿ. ಒಂದು ಮನೆಯ ದೂರಿಗೆ 'ನಿಮ್ಮ ವೈಫೈ ಸಮಸ್ಯೆ' ಎಂದು ಹೇಳಿ ಮುಗಿಸಬಹುದು. ಐದು ಮನೆಗಳು ಒಂದೇ ಹೊತ್ತಿಗೆ ಒಂದೇ ರೀತಿ ಕುಸಿದಿದ್ದರೆ ಹಾಗೆ ಹೇಳಲು ಬರುವುದಿಲ್ಲ, ಊರಿಗೆ ಬರುವ ಮುಖ್ಯ ಲೈನನ್ನು ನೋಡಲೇಬೇಕಾಗುತ್ತದೆ. ಆ ಹಾಳೆಗೆ ನಿಮ್ಮ ಮೈದುನನ ಸಹಿಯನ್ನೂ ಹಾಕಿಸಿ.